ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗುವುದೇಕೆ? ಕಾರಣ ಹುಡುಕುವ ಕ್ರಮ

ಕಾರು ಓಡುವಾಗ ಯಾವ ತೊಂದರೆಯೂ ಇರುವುದಿಲ್ಲ. ಸಿಗ್ನಲ್‌ನಲ್ಲಿ ನಿಲ್ಲಿಸಿ ಗೇರನ್ನು ನ್ಯೂಟ್ರಲ್‌ಗೆ ತಂದ ಸ್ವಲ್ಪ ಹೊತ್ತಿಗೆ ಎಂಜಿನ್ ನಡುಗಿ ಆಫ್ ಆಗುತ್ತದೆ, ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಇದು ಪರಿಚಿತ ದೂರು. 2025ರ ಹೊತ್ತಿಗೆ ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾದ ಮೇಲೆ ಈ ದೂರಿನ ಹೊಣೆಯನ್ನು ನೇರವಾಗಿ ಪೆಟ್ರೋಲಿನ ಮೇಲೆ ಹೊರಿಸುವುದು ರೂಢಿಯಾಗುತ್ತಿದೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ನಿಂತಲ್ಲೇ ಎಂಜಿನ್ ಆಫ್ ಆಗಲು ಹತ್ತಾರು ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವನ್ನು ಒಂದು ಬಿಡಿಭಾಗವನ್ನೂ ಬದಲಿಸದೆ ಪರೀಕ್ಷೆಯಿಂದಲೇ ಗುರುತಿಸಲು ಸಾಧ್ಯವಿದೆ. ಆ ಪರೀಕ್ಷೆಗಳು ಯಾವುವು, ಅವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿನ ವಿಷಯವೆಲ್ಲ ಇಂಜೆಕ್ಟರ್ ಇರುವ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಡೀಸೆಲ್ ಎಂಜಿನ್ನಿನ ಕೆಲಸದ ರೀತಿಯೇ ಬೇರೆ.

ದೋಷವಲ್ಲದ ನಿಲುಗಡೆ

ಇಂಧನ ಉಳಿಸುವ ಸಲುವಾಗಿ, ಕಾರು ನಿಂತಾಗ ಎಂಜಿನ್ನನ್ನು ತಾನಾಗಿ ಆಫ್ ಮಾಡುವ ಸ್ಟಾರ್ಟ್–ಸ್ಟಾಪ್ ವ್ಯವಸ್ಥೆ ಈಚಿನ ಅನೇಕ ಕಾರುಗಳಲ್ಲಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನೇ ರೋಗವೆಂದುಕೊಂಡು ಗ್ಯಾರೇಜ್‌ಗೆ ಹೋಗುವುದುಂಟು. ವ್ಯತ್ಯಾಸ ತಿಳಿಯುವುದು ಸುಲಭ. ಸ್ಟಾರ್ಟ್–ಸ್ಟಾಪ್‌ನಿಂದ ಎಂಜಿನ್ ನಿಂತಿದ್ದರೆ, ಕ್ಲಚ್ ಒತ್ತಿದ ಕೂಡಲೇ ಅಥವಾ ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಅದು ತಾನೇ ಚಾಲೂ ಆಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಅದರ ಚಿಹ್ನೆ ಬೆಳಗುತ್ತದೆ. ದೋಷದಿಂದ ನಿಂತಿದ್ದರೆ ಆಯಿಲ್ ಮತ್ತು ಬ್ಯಾಟರಿಯ ಕೆಂಪು ದೀಪಗಳು ಹತ್ತಿಕೊಳ್ಳುತ್ತವೆ, ಮತ್ತು ಚಾಲಕರು ತಾವೇ ಸ್ಟಾರ್ಟ್ ಮಾಡಬೇಕಾಗುತ್ತದೆ.

ಹಾಗೆಯೇ, ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದಾಗ ಮಾತ್ರ ಎಂಜಿನ್ ನಿಂತು, ನ್ಯೂಟ್ರಲ್‌ನಲ್ಲಿ ನಿಲ್ಲದಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದು ಶಂಕಿಸಬೇಕು. ಎಂಜಿನ್ನಿನ ಶಕ್ತಿಯನ್ನು ದ್ರವದ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಕಾರು ಡ್ರೈವ್‌ನಲ್ಲಿ ನಿಲ್ಲುವಾಗ ಆಫ್ ಆಗಿ, ನಿಲ್ಲುವ ಮುನ್ನವೇ ನ್ಯೂಟ್ರಲ್‌ಗೆ ತಂದರೆ ಆಫ್ ಆಗದಿದ್ದರೆ, ನೋಡಬೇಕಾದ್ದು ಗೇರ್‌ಬಾಕ್ಸನ್ನು.

ಐಡ್ಲಿಂಗ್ ಎಂಬ ಸೂಕ್ಷ್ಮ ಸ್ಥಿತಿ

ಆಕ್ಸಿಲರೇಟರ್ ಮೇಲೆ ಕಾಲಿಡದಿರುವಾಗ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಂಡು, ಜೊತೆಗೆ ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್‌ಗಳನ್ನು ಎಳೆಯಲು ಬೇಕಾದಷ್ಟೇ ಶಕ್ತಿಯನ್ನು ಉತ್ಪಾದಿಸುವ ಸ್ಥಿತಿಗೆ ಐಡ್ಲಿಂಗ್ ಎನ್ನುತ್ತಾರೆ. ಬಿಸಿಯಾದ ಪೆಟ್ರೋಲ್ ಎಂಜಿನ್ ಈ ಸ್ಥಿತಿಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 650ರಿಂದ 850 ಸುತ್ತು, ಅಂದರೆ ಅಷ್ಟು ಆರ್‌ಪಿಎಂನಲ್ಲಿ ತಿರುಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸೂಚಕ 1,200ರ ಆಸುಪಾಸಿನಲ್ಲಿದ್ದು ನಿಧಾನವಾಗಿ ಇಳಿಯುತ್ತದೆ. 750 ಆರ್‌ಪಿಎಂ ಎಂದರೆ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 25 ಬಾರಿ ಇಂಧನ ಹೊತ್ತಿಕೊಳ್ಳಬೇಕು. ಇದರಲ್ಲಿ ಕೆಲವು ತಪ್ಪಿದರೂ ಎಂಜಿನ್ ಕುಂಟುತ್ತದೆ. ಗ್ಯಾರೇಜ್‌ಗಳಲ್ಲಿ ‘ಮಿಸ್ಸಿಂಗ್’ ಎನ್ನುವುದು ಇದನ್ನೇ.

ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವುದು ಥ್ರಾಟಲ್ ಬಾಡಿ ಎಂಬ ಲೋಹದ ಕೊಳವೆಯೊಳಗಿನ ದುಂಡನೆಯ ತಟ್ಟೆ. ಐಡ್ಲಿಂಗ್‌ನಲ್ಲಿ ಅದು ಬಹುತೇಕ ಮುಚ್ಚಿರುತ್ತದೆ, ಕೂದಲೆಳೆಯಷ್ಟು ಸಂದಿನಿಂದ ಮಾತ್ರ ಗಾಳಿ ಒಳಹೋಗುತ್ತದೆ. ಪಿಸ್ಟನ್‌ಗಳು ಗಾಳಿಯನ್ನು ಎಳೆಯುತ್ತಲೇ ಇರುವುದರಿಂದ ತಟ್ಟೆಯ ಹಿಂದಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ತೀರ ಕಡಿಮೆಯಾಗುತ್ತದೆ. ಇದಕ್ಕೆ ವ್ಯಾಕ್ಯೂಮ್ ಎಂದು ಹೆಸರು. ಒಳಬಂದ ಗಾಳಿ ಎಷ್ಟೆಂದು ಸೆನ್ಸರ್ ಅಳೆಯುತ್ತದೆ, ಆ ಲೆಕ್ಕದ ಮೇಲೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಂಜೆಕ್ಟರ್‌ನಿಂದ ಇಂಧನ ಚಿಮ್ಮಿಸುತ್ತದೆ. ಎಥನಾಲ್ ಬೆರೆಸದ ಪೆಟ್ರೋಲಾದರೆ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಇಂಧನ ಎಂಬುದು ಪೂರ್ಣ ದಹನದ ಅನುಪಾತ.

ಹೆದ್ದಾರಿಯಲ್ಲಿ ಗಾಳಿ, ಇಂಧನ ಎರಡೂ ಧಾರಾಳವಾಗಿ ಹರಿಯುವುದರಿಂದ ಸಣ್ಣಪುಟ್ಟ ಏರುಪೇರು ಗೊತ್ತಾಗುವುದಿಲ್ಲ. ಐಡ್ಲಿಂಗ್‌ನಲ್ಲಿ ಹಾಗಲ್ಲ. ಗ್ಯಾಸ್ ಒಲೆ ಜೋರಾಗಿ ಉರಿಯುವಾಗ ಕಿಟಕಿಯ ಗಾಳಿಗೆ ಜಗ್ಗುವುದಿಲ್ಲ, ಅದೇ ಒಲೆಯನ್ನು ಸಿಮ್‌ನಲ್ಲಿಟ್ಟರೆ ಅಷ್ಟೇ ಗಾಳಿಗೆ ಆರಿಹೋಗುತ್ತದೆ. ಓಡುವಾಗ ಚೆನ್ನಾಗಿರುವ ಕಾರು ನಿಂತಾಗ ಮಾತ್ರ ಕೈಕೊಡುವುದರ ಗುಟ್ಟು ಇಷ್ಟೆ.

ಮೊದಲ ಪ್ರಶ್ನೆ: ಯಾವಾಗ?

ಬಾನೆಟ್ ಎತ್ತುವ ಮೊದಲು, ಎಂಜಿನ್ ಯಾವ ಸಂದರ್ಭದಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ ಬರೆದಿಡುವುದು ಉಪಯುಕ್ತ. ಮೆಕ್ಯಾನಿಕ್‌ಗೆ ‘ಗಾಡಿ ಆಫ್ ಆಗುತ್ತದೆ’ ಎಂದಷ್ಟೇ ಹೇಳಿದರೆ ಅವರು ಊಹೆಯಿಂದ ಆರಂಭಿಸಬೇಕಾಗುತ್ತದೆ.

ಎಂಜಿನ್ ಸದ್ದು ಕುಗ್ಗುತ್ತಾ, ನಡುಗುತ್ತಾ ನಿಲ್ಲುವುದಕ್ಕೂ ಕೀ ತಿರುಗಿಸಿ ಆಫ್ ಮಾಡಿದಂತೆ ಥಟ್ಟನೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಹೆಚ್ಚಾಗಿ ಗಾಳಿ ಅಥವಾ ಇಂಧನದ ಪ್ರಮಾಣದ ತೊಂದರೆ, ಎರಡನೆಯದು ವಿದ್ಯುತ್ತಿನ ತೊಂದರೆ. ನಿಲ್ಲಲಿದೆ ಎನ್ನಿಸುವಾಗ ತುಸು ರೇಸ್ ಕೊಟ್ಟರೆ ಎಂಜಿನ್ ಉಳಿದುಕೊಳ್ಳುವುದಾದರೆ, ಐಡ್ಲಿಂಗ್‌ಗೆ ಬೇಕಾದ ಗಾಳಿಯ ದಾರಿಯನ್ನು ಮೊದಲು ನೋಡಬೇಕು. ರೇಸ್ ಕೊಟ್ಟರೂ ನಿಂತರೆ ಇಂಧನ ಅಥವಾ ಕಿಡಿಯ ಕಡೆ ಹೋಗಬೇಕು. ಎಸಿ ಹಾಕಿದಾಗ ಮಾತ್ರ ನಿಂತರೆ, ಕಂಪ್ರೆಸರ್‌ನ ಹೆಚ್ಚುವರಿ ಭಾರಕ್ಕೆ ತಕ್ಕಂತೆ ಗಾಳಿಯನ್ನು ಹೆಚ್ಚಿಸಲು ಇಸಿಯುಗೆ ಆಗುತ್ತಿಲ್ಲ ಎಂದರ್ಥ. ಬ್ರೇಕ್ ಒತ್ತಿದಾಗ ಆರ್‌ಪಿಎಂ ಬದಲಾದರೆ, ವ್ಯಾಕ್ಯೂಮ್ ಬಳಸಿ ಪೆಡಲ್ ಒತ್ತುವುದನ್ನು ಹಗುರಗೊಳಿಸುವ ಬ್ರೇಕ್ ಬೂಸ್ಟರ್ ಕಡೆಗೆ, ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ ಹೊರಟ ಕೂಡಲೇ ಎಂಜಿನ್ ಮುಗ್ಗರಿಸಿದರೆ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಕಡೆಗೆ ಗಮನ ಹರಿಸಬೇಕು. ಬ್ಯಾಟರಿ ಬದಲಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಏನೂ ಕೆಟ್ಟಿರಲಿಕ್ಕಿಲ್ಲ: ಬ್ಯಾಟರಿ ಕಳಚಿದಾಗ ಇಸಿಯು ಕಲಿತಿಟ್ಟುಕೊಂಡಿದ್ದ ಐಡ್ಲಿಂಗ್ ಲೆಕ್ಕ ಅನೇಕ ಕಾರುಗಳಲ್ಲಿ ಅಳಿಸಿಹೋಗಿರುತ್ತದೆ, ಅದನ್ನು ಮತ್ತೆ ಕಲಿಸಬೇಕಾಗುತ್ತದೆ.

ಥ್ರಾಟಲ್ ಬಾಡಿಯ ಕಪ್ಪು ಉಂಗುರ

ಸಾಮಾನ್ಯ ಕಾರಣದಿಂದಲೇ ಶುರು ಮಾಡುವುದು ಒಳ್ಳೆಯದು. ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿಳಿಯುವ ಸ್ವಲ್ಪ ಅನಿಲವು ಎಂಜಿನ್ ಆಯಿಲ್‌ನ ಸೂಕ್ಷ್ಮ ಹನಿಗಳನ್ನು ಹೊತ್ತುಕೊಂಡಿರುತ್ತದೆ. ಅದನ್ನು ಹೊರಗೆ ಬಿಡದೆ, ಪಿಸಿವಿ ಎಂಬ ವ್ಯವಸ್ಥೆಯ ಮೂಲಕ ಮತ್ತೆ ಇನ್‌ಟೇಕ್‌ಗೇ ತಂದು ಸುಡಲಾಗುತ್ತದೆ. ಪರಿಸರಕ್ಕೆ ಇದು ಒಳ್ಳೆಯದು, ಥ್ರಾಟಲ್ ಬಾಡಿಗಲ್ಲ. ವರ್ಷಗಳು ಕಳೆದಂತೆ ತಟ್ಟೆಯ ಅಂಚಿನಲ್ಲಿ ಜಿಡ್ಡು ಕಟ್ಟಿ, ಬಿಸಿಗೆ ಗಟ್ಟಿಯಾಗಿ, ಗಾಳಿ ಹೋಗಬೇಕಾದ ಸಂದನ್ನೇ ಮುಚ್ಚತೊಡಗುತ್ತದೆ.

ಏರ್ ಫಿಲ್ಟರ್‌ನಿಂದ ಬರುವ ದಪ್ಪ ಪೈಪನ್ನು ಬಿಚ್ಚಿ ಟಾರ್ಚ್ ಹಿಡಿದರೆ ಇದನ್ನು ಕಣ್ಣಾರೆ ಕಾಣಬಹುದು. ತಟ್ಟೆಯ ಮುಂಭಾಗ ಸಾಕಷ್ಟು ಶುಚಿಯಾಗಿಯೇ ಇರಬಹುದು. ಅದನ್ನು ತುಸು ತೆರೆದಾಗ ಹಿಂಬದಿಯ ಅಂಚಿನಲ್ಲಿ, ಕೊಳವೆಯ ಗೋಡೆಗೆ ತಾಗುವ ಜಾಗದಲ್ಲಿ, ಕಪ್ಪು ಉಂಗುರವೊಂದು ಕೂತಿರುತ್ತದೆ, ಬಿಳಿ ಬಟ್ಟೆಯಿಂದ ಒರೆಸಿದರೆ ಕಂದು ಮಿಶ್ರಿತ ಮಸಿ ಅಂಟಿಕೊಂಡು ಬರುತ್ತದೆ. ಆಕ್ಸಿಲರೇಟರ್ ಕೇಬಲ್ ಇರುವ ಹಳೆಯ ಕಾರುಗಳಲ್ಲಿ ತಟ್ಟೆಯ ಪಕ್ಕದ ಸಣ್ಣ ದಾರಿಯಿಂದ ಐಡ್ಲಿಂಗ್ ಗಾಳಿಯನ್ನು ಬಿಡುವ ಐಎಸಿ ವಾಲ್ವ್ ಬೇರೆ ಇರುತ್ತದೆ. ಅದೂ ಇದೇ ಜಿಡ್ಡಿನಿಂದ ಸಿಕ್ಕಿಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಕೇಬಲ್ ಇಲ್ಲ, ತಟ್ಟೆಯನ್ನು ಮೋಟಾರ್ ತಿರುಗಿಸುತ್ತದೆ. ಇಂಥ ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಇಗ್ನಿಷನ್ ಆನ್ ಇರುವಾಗ ಬೆರಳಿನಿಂದ ತಳ್ಳಲೇಬಾರದು. ಒಳಗಿನ ಗೇರ್ ಹಾಳಾಗಬಹುದು, ಬೆರಳಿಗೂ ಪೆಟ್ಟಾಗಬಹುದು.

ಶುಚಿ ಮಾಡಲು ಥ್ರಾಟಲ್ ಬಾಡಿಗೆಂದೇ ಇರುವ ಸ್ಪ್ರೇ ಸಿಗುತ್ತದೆ. ಶುಚಿ ಮಾಡಿದ ಮೇಲೆ ಐಡ್ಲಿಂಗ್ ಇನ್ನಷ್ಟು ಹೆಚ್ಚುಕಡಿಮೆಯಾದರೆ ಗಾಬರಿಯಾಗಬೇಕಿಲ್ಲ. ಜಿಡ್ಡಿದ್ದ ಕಾಲದಲ್ಲಿ ತಟ್ಟೆಯನ್ನು ಎಷ್ಟು ಹೆಚ್ಚು ತೆರೆಯಬೇಕೆಂದು ಇಸಿಯು ಕಲಿತಿತ್ತೋ ಅದೇ ಲೆಕ್ಕವನ್ನು ಈಗಲೂ ಬಳಸುತ್ತಿರುತ್ತದೆ. ಕೆಲವು ಕಾರುಗಳು ಓಡುತ್ತಾ ತಾವೇ ಸರಿಹೊಂದಿಕೊಳ್ಳುತ್ತವೆ, ಕೆಲವಕ್ಕೆ ಇಸಿಯು ಮಾಹಿತಿ ಓದುವ ಸ್ಕ್ಯಾನರ್ ಹಾಕಿ ಹೊಸದಾಗಿ ಕಲಿಸಬೇಕು.

ಲೆಕ್ಕಕ್ಕೆ ಸಿಗದ ಗಾಳಿ

ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಒಳನುಗ್ಗುವ ಗಾಳಿಗೆ ವ್ಯಾಕ್ಯೂಮ್ ಲೀಕ್ ಎಂದು ಹೆಸರು. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್, ಪಿಸಿವಿಯ ರಬ್ಬರ್ ಹೋಸ್, ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಹೋಸ್ ಇವೇ ಇದರ ಮಾಮೂಲು ಜಾಗಗಳು. ಹತ್ತು ವರ್ಷ ಎಂಜಿನ್ನಿನ ಬಿಸಿ ಕುಡಿದ ರಬ್ಬರ್ ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ, ಬಗ್ಗಿಸಿ ನೋಡಿದಾಗ ಕೆಳಬದಿಯಲ್ಲಿ ಬಿರುಕು ಬಾಯಿಬಿಡುತ್ತದೆ. ಎಂಜಿನ್ ಚಾಲೂ ಇರುವಾಗ ‘ಸುಸ್’ ಎಂಬ ಸದ್ದು ಕೇಳಿಸಿದರೆ ಅರ್ಧ ಕೆಲಸ ಮುಗಿದಂತೆ. ಅನುಮಾನವಿರುವ ಹೋಸನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿದಾಗ ಐಡ್ಲಿಂಗ್ ಸುಧಾರಿಸಿದರೆ ಲೀಕ್ ಇರುವುದು ಅದರಲ್ಲೋ ಅದರ ಆಚೆಯಲ್ಲೋ. ಸುತ್ತಲೂ ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯಲ್ಲಿ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವುದರಿಂದ ಬೆಂಕಿಯ ಅಪಾಯವಿದೆ. ಹೊಗೆ ತುಂಬಿಸಿ ಲೀಕ್ ಹುಡುಕುವ ಯಂತ್ರವಿರುವ ಗ್ಯಾರೇಜ್ ಸಿಕ್ಕರೆ ಅದೇ ಮೇಲು.

ಬ್ರೇಕ್ ಬೂಸ್ಟರ್‌ಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿದೆ. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ಒತ್ತಿ, ಒತ್ತಿಹಿಡಿದುಕೊಂಡೇ ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ಒತ್ತಿದಾಗಲೆಲ್ಲ ಕಾಲ ಬಳಿ ಗಾಳಿಯ ಸದ್ದು ಕೇಳಿಸಿ ಎಂಜಿನ್ ಕುಗ್ಗಿದರೆ, ಬೂಸ್ಟರ್ ಅಥವಾ ಅದರ ಹೋಸ್ ಸೋರುತ್ತಿದೆ. ಇದು ಬ್ರೇಕಿನ ಸುರಕ್ಷತೆಯ ಪ್ರಶ್ನೆಯೂ ಆದ್ದರಿಂದ ಮುಂದೂಡುವಂತಿಲ್ಲ.

ಟ್ಯಾಂಕಿನಿಂದ ಹಿಡಿದಿಟ್ಟ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಕಳಿಸುವ ಪರ್ಜ್ ವಾಲ್ವ್ ಐಡ್ಲಿಂಗ್‌ನಲ್ಲಿ ಬಹುಪಾಲು ಮುಚ್ಚಿರಬೇಕು. ತೆರೆದೇ ಸಿಕ್ಕಿಕೊಂಡರೆ ಬೇಡದ ಆವಿ, ಇಲ್ಲವೇ ಬೇಡದ ಗಾಳಿ ಒಳಬರುತ್ತದೆ. ಎಕ್ಸಾಸ್ಟ್ ಅನಿಲದ ಒಂದು ಪಾಲನ್ನು ಮರಳಿ ಒಳಬಿಡುವ ಇಜಿಆರ್ ವಾಲ್ವ್ ಇರುವ ಎಂಜಿನ್ನುಗಳಲ್ಲಿ ಅದರದೂ ಇದೇ ಕಥೆ: ಕಾರ್ಬನ್ ತುಣುಕೊಂದು ಸಿಕ್ಕಿ ಮುಚ್ಚದೆ ಹೋದರೆ, ಸುಟ್ಟ ಅನಿಲ ತುಂಬಿಕೊಂಡು ಹೊಸ ಮಿಶ್ರಣ ಹೊತ್ತಿಕೊಳ್ಳದು.

ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡ ಮೆಕ್ಯಾನಿಕ್‌ಗಳು ಈಗ ಕಡಿಮೆ. ಇದ್ದವರೂ ಊರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ 17ರಿಂದ 22 ಅಂಗುಲ ತೋರಿಸುತ್ತದೆ, ಎತ್ತರ ಪ್ರತಿ 1,000 ಅಡಿ ಹೆಚ್ಚಿದಂತೆ ಇದು ಸುಮಾರು ಒಂದು ಅಂಗುಲ ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಕಾರು, 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ಲೀಕ್ ಅಲ್ಲ.

ಸ್ಕ್ಯಾನರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಟೀರಿಂಗ್ ಕೆಳಗೆ, ಸ್ಕ್ಯಾನರ್ ಜೋಡಿಸಿ ದೋಷಗಳನ್ನು ಓದುವ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಭಾರತದಲ್ಲಿ 2013ರ ಏಪ್ರಿಲ್ ನಂತರದ ಬಿಎಸ್-4 ಕಾರುಗಳಲ್ಲಿ ಒಬಿಡಿ-2 ವ್ಯವಸ್ಥೆಯಿರುವುದರಿಂದ, ಮೊಬೈಲ್‌ಗೆ ಜೋಡಿಸುವ ಅಗ್ಗದ ಸ್ಕ್ಯಾನರ್‌ನಿಂದಲೂ ದೋಷದ ಕೋಡ್‌ಗಳನ್ನು ಓದಬಹುದು. ಪಿ0505 ಐಡ್ಲಿಂಗ್ ನಿಯಂತ್ರಣದ ದೋಷವನ್ನು, ಪಿ0506 ಐಡ್ಲಿಂಗ್ ನಿರೀಕ್ಷೆಗಿಂತ ಕಡಿಮೆಯಿರುವುದನ್ನು, ಪಿ0171 ಮಿಶ್ರಣದಲ್ಲಿ ಇಂಧನ ಸಾಲದಿರುವುದನ್ನು, ಪಿ0301 ಒಂದನೇ ಸಿಲಿಂಡರಿನ ಮಿಸ್ಸಿಂಗನ್ನು ಸೂಚಿಸುತ್ತವೆ. ಆದರೆ ಕೋಡ್ ಎಂದರೆ ಬದಲಿಸಬೇಕಾದ ಬಿಡಿಭಾಗದ ಹೆಸರಲ್ಲ. ಪಿ0171 ಬಂದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವುದು ಹಣ ಕಳೆಯುವ ದಾರಿ. ಇಂಧನ ಕಡಿಮೆಯಿದೆ ಎಂದು ನಿಜ ಹೇಳಿದ್ದೇ ಆ ಸೆನ್ಸರ್ ಆಗಿರಬಹುದು.

ಕೋಡ್‌ಗಿಂತ ಹೆಚ್ಚು ಹೇಳುವುದು ಫ್ಯೂಯಲ್ ಟ್ರಿಮ್ ಎಂಬ ಅಂಕಿ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್‌ನ ಮಾಹಿತಿ ನೋಡಿ, ಮೂಲ ಲೆಕ್ಕಕ್ಕಿಂತ ಎಷ್ಟು ಇಂಧನವನ್ನು ಕೂಡಿಸಬೇಕು ಅಥವಾ ಕಳೆಯಬೇಕು ಎಂದು ಇಸಿಯು ನಿರ್ಧರಿಸುತ್ತದೆ. ಆ ತಿದ್ದುಪಡಿಯ ಶೇಕಡಾವಾರು ಲೆಕ್ಕವೇ ಟ್ರಿಮ್. ತತ್‌ಕ್ಷಣದ್ದೊಂದು, ದೀರ್ಘಾವಧಿಯದೊಂದು ಹೀಗೆ ಎರಡು ಅಂಕಿ ಇರುತ್ತವೆ, ಎರಡನ್ನೂ ಕೂಡಿಸಿ ನೋಡಬೇಕು. ಮೊತ್ತ 10ಕ್ಕಿಂತ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಬಿಸಿಯಾದ ಎಂಜಿನ್ನಿನಲ್ಲಿ ಈ ಮೊತ್ತವನ್ನು ಮೊದಲು ಐಡ್ಲಿಂಗ್‌ನಲ್ಲಿ, ಆಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ಓದಬೇಕು. ಐಡ್ಲಿಂಗ್‌ನಲ್ಲಿ +22 ಇದ್ದದ್ದು 2,500ರಲ್ಲಿ +4ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್ ಎಂದು ಬಹುಮಟ್ಟಿಗೆ ಹೇಳಬಹುದು, ಏಕೆಂದರೆ ಸೋರಿಕೆಯ ಗಾಳಿ ಅಷ್ಟೇ ಇದ್ದು ಒಟ್ಟು ಗಾಳಿ ಹೆಚ್ಚಿದಾಗ ಅದರ ಪಾಲು ಕಿರಿದಾಗುತ್ತದೆ. ತದ್ವಿರುದ್ಧವಾಗಿ, ಐಡ್ಲಿಂಗ್‌ನಲ್ಲಿ +3 ಇದ್ದು ಏರು ಹತ್ತುವಾಗ +20 ಆದರೆ ಪಂಪ್ ಅಥವಾ ಫ್ಯೂಯಲ್ ಫಿಲ್ಟರ್ ಸಾಕಷ್ಟು ಪೆಟ್ರೋಲ್ ಕೊಡುತ್ತಿಲ್ಲ. ಐಡ್ಲಿಂಗ್‌ನಲ್ಲಿ –18ರಂತಹ ಅಂಕಿ ಬಂದರೆ ಎಲ್ಲಿಂದಲೋ ಹೆಚ್ಚುವರಿ ಇಂಧನ ಬರುತ್ತಿದೆ: ಸೋರುವ ಇಂಜೆಕ್ಟರ್ ಅಥವಾ ಮುಚ್ಚದ ಪರ್ಜ್ ವಾಲ್ವ್.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೇಲಿನ ಲೀಕ್ ಲೆಕ್ಕ ಸರಿಯಾಗಿ ಹೊಂದುವುದು, ಹರಿಯುವ ಗಾಳಿಯನ್ನೇ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರುಗಳಿಗೆ. ನಮ್ಮ ರಸ್ತೆಗಳ ಬಹಳಷ್ಟು ಸಣ್ಣ ಕಾರುಗಳಲ್ಲಿ ಅದರ ಬದಲು ಮ್ಯಾನಿಫೋಲ್ಡ್‌ನ ಒತ್ತಡವನ್ನು ಅಳೆಯುವ ಎಂಎಪಿ ಸೆನ್ಸರ್ ಇದೆ. ಇವುಗಳಲ್ಲಿ ಲೀಕ್‌ನಿಂದ ಬಂದ ಗಾಳಿಯೂ ಒತ್ತಡವನ್ನು ಏರಿಸುವುದರಿಂದ ಸೆನ್ಸರ್‌ಗೆ ಅದರ ಸುಳಿವು ಸಿಗುತ್ತದೆ, ಇಸಿಯು ತಕ್ಕಷ್ಟು ಇಂಧನ ಸೇರಿಸುತ್ತದೆ, ಪರಿಣಾಮವಾಗಿ ಎಂಜಿನ್ ನಿಲ್ಲುವ ಬದಲು ಆರ್‌ಪಿಎಂ ಏರುತ್ತದೆ ಅಥವಾ ಮೇಲೆ ಕೆಳಗೆ ತೂಗಾಡುತ್ತದೆ. ಟ್ರಿಮ್ ಸರಿಯಾಗಿಯೇ ಕಂಡೀತು. ಕಾರಿನಲ್ಲಿರುವುದು ಯಾವ ಸೆನ್ಸರ್ ಎಂದು ತಿಳಿಯದೆ ಅಂಕಿಗಳನ್ನು ಓದಿದರೆ ದಾರಿ ತಪ್ಪುತ್ತದೆ.

ಇ20ರ ಪ್ರಶ್ನೆಗೂ ಟ್ರಿಮ್‌ನಲ್ಲಿ ಉತ್ತರವಿದೆ. ಎಥನಾಲ್ ಅಣುವಿನಲ್ಲೇ ಆಮ್ಲಜನಕವಿರುವುದರಿಂದ ಇ20ಗೆ ಬೇಕಾದ ಅನುಪಾತ 14.7 ಅಲ್ಲ, ಸುಮಾರು 13.5, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಇ10ರಿಂದ ಇ20ಗೆ ಬದಲಾದಾಗ ಟ್ರಿಮ್ ಶೇ 3–4ರಷ್ಟು ಏರುವುದು ಸಹಜ, ಮತ್ತು ಈ ಏರಿಕೆ ಐಡ್ಲಿಂಗ್‌ನಲ್ಲೂ 2,500ರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಸುಸ್ಥಿತಿಯ ಎಂಜಿನ್ ಇಷ್ಟನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಮೊದಲೇ ಲೀಕ್ ಇದ್ದು ತಿದ್ದುಪಡಿಯ ಮಿತಿಯ ಅಂಚಿನಲ್ಲಿದ್ದ ಹಳೆಯ ಕಾರಿಗೆ ಮಾತ್ರ ಇಷ್ಟೇ ಸಾಕಾಗಿ ಹೋಗಬಹುದು. ಇದಲ್ಲದೆ ಎಥನಾಲ್ ಹಳೆಯ ಟ್ಯಾಂಕಿನ ಗಸಿಯನ್ನು ಸಡಿಲಿಸಿ ಫಿಲ್ಟರ್‌ಗೆ ತರಬಲ್ಲದು, ನೀರನ್ನೂ ಹೀರಿಕೊಳ್ಳುತ್ತದೆ; ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಕಾರಿನಲ್ಲಿ ಇದನ್ನು ಗಮನಿಸಬೇಕು.

ಕಿಡಿ, ಪಂಪ್ ಮತ್ತು ಸೆನ್ಸರ್‌ಗಳು

ಟ್ರಿಮ್ ಸರಿಯಿದ್ದು, ಥ್ರಾಟಲ್ ಶುಚಿಯಿದ್ದೂ ಎಂಜಿನ್ ನಡುಗಿದರೆ ಸ್ಪಾರ್ಕ್ ಪ್ಲಗ್ ಮತ್ತು ಅದಕ್ಕೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಸರದಿ. ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ, ಎರಡನೇ ಸಿಲಿಂಡರಿಗೆ ಪಿ0302 ಬಂದಿದ್ದರೆ ಅದರ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ ನೋಡಬಹುದು. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಸಿಲಿಂಡರಿನೊಳಗೆ ಮಿಶ್ರಣದ ಮೇಲೆ ಬೀಳುವ ಒತ್ತಡವಾದ ಕಂಪ್ರೆಷನ್ ನೋಡಬೇಕು.

ಥಟ್ಟನೆ ಆಫ್ ಆಗಿ, ಸ್ವಲ್ಪ ಹೊತ್ತು ತಣ್ಣಗಾದ ಮೇಲಷ್ಟೇ ಸ್ಟಾರ್ಟ್ ಆಗುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಮೊದಲ ಶಂಕಿತ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಇಸಿಯುಗೆ ಹೇಳುವುದು ಅದೇ. ಬಿಸಿಗೆ ಅದರ ಸಂಕೇತ ಕಡಿದುಹೋದರೆ ಕಿಡಿ, ಇಂಧನ ಎರಡೂ ಒಟ್ಟಿಗೆ ನಿಲ್ಲುತ್ತವೆ. ಇಂಧನದ ಒತ್ತಡವನ್ನು ಗೇಜ್ ಹಾಕಿಯೇ ಅಳೆಯಬೇಕು, ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ ಸಾಮಾನ್ಯ ಎಂಪಿಎಫ್‌ಐ ಕಾರುಗಳಲ್ಲಿ ಅದು 3ರಿಂದ 4 ಬಾರ್ ಇರುತ್ತದೆ. ಕೂಲೆಂಟ್ ತಾಪಮಾನದ ಸೆನ್ಸರ್ ಪರೀಕ್ಷೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಸ್ಕ್ಯಾನರ್ ಹಾಕಿದರೆ ಕೂಲೆಂಟ್ ಮತ್ತು ಒಳಬರುವ ಗಾಳಿ ಎರಡರ ತಾಪಮಾನವೂ ಹತ್ತಿರ ಹತ್ತಿರ ಒಂದೇ ಇರಬೇಕು; ಚಿಕ್ಕಮಗಳೂರಿನ ಚಳಿಯಲ್ಲೂ –40 ಡಿಗ್ರಿ ತೋರಿಸಿದರೆ ವೈರ್ ಕಡಿದಿದೆ ಅಥವಾ ಸೆನ್ಸರ್ ಸತ್ತಿದೆ.

ಸಿಎನ್‌ಜಿ ಕಾರುಗಳಲ್ಲಿ ಪರೀಕ್ಷೆಗೆ ಒಂದು ಅನುಕೂಲವಿದೆ: ಗ್ಯಾಸ್‌ನಲ್ಲಿ ನಿಲ್ಲುವ ಎಂಜಿನ್ ಪೆಟ್ರೋಲಿಗೆ ಬದಲಿಸಿದಾಗ ನಿಲ್ಲದಿದ್ದರೆ ದೋಷ ಗ್ಯಾಸ್‌ನ ರೆಗ್ಯುಲೇಟರ್, ಫಿಲ್ಟರ್ ಅಥವಾ ಇಂಜೆಕ್ಟರ್‌ಗಳಲ್ಲಿದೆ. ಎರಡರಲ್ಲೂ ನಿಂತರೆ, ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು, ಅಂದರೆ ವಾಲ್ವ್ ಕ್ಲಿಯರೆನ್ಸ್ ನೋಡಿಸಬೇಕು. ಗ್ಯಾಸ್‌ನಲ್ಲೇ ಬಹಳ ಓಡಿದ ಎಂಜಿನ್ನಿನಲ್ಲಿ ವಾಲ್ವ್ ಸೀಟ್ ಸವೆದು ಸಂದು ಕಡಿಮೆಯಾಗಿ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದಿರಬಹುದು. ಕಂಪ್ರೆಷನ್ ಗೇಜ್‌ನಲ್ಲಿ ಒಂದು ಸಿಲಿಂಡರ್ ಉಳಿದವಕ್ಕಿಂತ ಸ್ಪಷ್ಟವಾಗಿ ಕಡಿಮೆ ತೋರಿಸುತ್ತದೆ.

ರಸ್ತೆಯಲ್ಲಿ ನಿಂತುಹೋದರೆ

ಕಾರು ನಿಧಾನವಾಗಿ ಚಲಿಸುತ್ತಿರುವಾಗಲೇ ಎಂಜಿನ್ ಆಫ್ ಆದರೆ, ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಬಾರಿಗೆ ಸಾಕಾಗುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ಆದ್ದರಿಂದ ಪೆಡಲನ್ನು ಮತ್ತೆ ಮತ್ತೆ ಬಿಟ್ಟು ಒತ್ತದೆ ಒಮ್ಮೆಲೇ ಬಲವಾಗಿ ಒತ್ತಿಹಿಡಿಯಬೇಕು. ಸ್ಟೀರಿಂಗ್ ಭಾರವಾಗಬಹುದು, ಆದರೆ ತಿರುಗುತ್ತದೆ. ಕೀ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗುವುದರಿಂದ ಅದನ್ನು ತೆಗೆಯಬಾರದು. ಹಜಾರ್ಡ್ ದೀಪ ಹಾಕಿ, ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಲು ನೋಡಬೇಕು.

ರಿಪೇರಿಯಾದ ಮೇಲೆ

ಕೋಡ್ ಅಳಿಸಿದಾಗ ಇಸಿಯು ಕಲಿತ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಯಾಗುತ್ತದೆ. ಹೀಗಾಗಿ ಅಳಿಸಿದ ಕೂಡಲೇ ಕಾಣುವ ಒಳ್ಳೆಯ ಅಂಕಿಗಳಿಗೆ ಬೆಲೆಯಿಲ್ಲ. ಕಾರನ್ನು ಊರಲ್ಲೂ ಹೆದ್ದಾರಿಯಲ್ಲೂ ಓಡಿಸಿದ ಮೇಲೆ ಮತ್ತೆ ಐಡ್ಲಿಂಗ್‌ನಲ್ಲಿ ಮತ್ತು 2,500 ಆರ್‌ಪಿಎಂನಲ್ಲಿ ಓದಿ, ರಿಪೇರಿಗೆ ಮುಂಚಿನ ಅಂಕಿಗಳ ಜೊತೆ ಹೋಲಿಸಬೇಕು. ಪರೀಕ್ಷೆ ನಡೆಯಬೇಕಾದ್ದು ದೂರು ಕಾಣಿಸಿಕೊಂಡ ಸಂದರ್ಭದಲ್ಲೇ. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿದ ಮೇಲೆ ಮಾತ್ರ ನಿಲ್ಲುತ್ತಿದ್ದ ಕಾರನ್ನು, ಬೆಳಿಗ್ಗೆ ಗ್ಯಾರೇಜಿನ ನೆರಳಲ್ಲಿ ಐದು ನಿಮಿಷ ಚಾಲೂ ಇಟ್ಟು ಸರಿಯಾಗಿದೆ ಎಂದು ಒಪ್ಪಿಸಿಕೊಳ್ಳಲಾಗದು. ಎಸಿ, ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್ ಎಲ್ಲವೂ ಓಡುತ್ತಿರುವಾಗ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೂ ಆರ್‌ಪಿಎಂ ಕ್ಷಣಮಾತ್ರ ಕುಗ್ಗಿ ತನ್ನ ಜಾಗಕ್ಕೆ ಮರಳುವುದನ್ನು ನೋಡಿಯೇ ಬಿಲ್ ಕೊಡಬೇಕು.